ಮೈಸೂರಿನ ಹೆಸರು, ನಮ್ಮ ಬ್ಯಾರಲ್‌ನ ಸೊಳ್ಳೆ

ಹುಬ್ಬಳ್ಳಿಯಲ್ಲಿ ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ. ಟಾಕಿ, ಬ್ಯಾರಲ್, ಕೊಡ ಎಲ್ಲಾ ತುಂಬಿಸಿ ಇಟ್ಟುಕೊಳ್ಳುತ್ತೇವೆ. ಮೊನ್ನೆ ಒಂದು ಬ್ಯಾರಲ್‌ನ ಮುಚ್ಚಳ ಸರಿದಿತ್ತು. ಟಾರ್ಚ್ ಹಿಡಿದು ನೋಡಿದರೆ ಒಳಗೆಲ್ಲಾ ಮರಿಹುಳ. ಜಾಸ್ತಿ ಹುಳಗಳು ತಲೆಕೆಳಗಾಗಿ ಜೋತು ಬಿದ್ದಿದ್ದವು. ನಾಲ್ಕೈದು ಮಾತ್ರ ನೀರಿನ ಮೇಲೆ ಕಡ್ಡಿಯಂತೆ ಅಡ್ಡ ಮಲಗಿದ್ದವು. ಹಾಗೆ ಮಲಗುವುದು ಅನಾಫಿಲಿಸ್, ಮಲೇರಿಯಾ ತರುವ ಕುಲ.

"ಎಲ್ಲಾ ಗುಂಗಾಡನ, ಚೆಲ್ಲು" ಅಂದಳು ಅವ್ವ. ಚೆಲ್ಲಿದೆ.

ಆದರೆ ಎಲ್ಲಾ ಒಂದೇ ಅಲ್ಲ. ಊರಿನ ಟಾಕಿಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೆಫೆನ್ಸಿಗೆ ಹಳ್ಳಿ ಕಡೆಯ ಒಂದು ತಳಿ ಇದೆ. ಹೆಸರು ಮೈಸೊರೆನ್ಸಿಸ್. ಹೌದು, ನಮ್ಮ ಮೈಸೂರೇ! 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ವಿಜ್ಞಾನಿಗಳು ಮೊಟ್ಟೆಯ ಪಕ್ಕದಲ್ಲಿರುವ ತೇಲುಚೀಲದ ಗೆರೆ ಎಣಿಸಿ ಇದನ್ನು ಬೇರೆ ಮಾಡಿದರು. (ಆಗ ಹುಬ್ಬಳ್ಳಿ ಮುಂಬೈ ಪ್ರಾಂತ್ಯದಲ್ಲಿತ್ತು. ಇಲ್ಲದಿದ್ದರೆ ಈ ಮರ್ಯಾದೆ ನಮಗೂ ಸಿಗುತ್ತಿತ್ತೇನೋ.) ಗೆರೆ ಕಡಿಮೆ ಇರುವ ಈ ತಳಿಗೆ ದನದ ರಕ್ತವೇ ಇಷ್ಟ.

ನನ್ನ ತಕರಾರು ಇನ್ನೊಂದರ ಬಗ್ಗೆ. ನಮ್ಮ ದೇಶದ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್. ಅದು ಒಂದೇ ಜಾತಿ ಅಲ್ಲ, ಐದು. ಕಣ್ಣಿಗೆ ಐದೂ ಒಂದೇ ಥರ. ಮೊದಲೆರಡು ಬೇರೆ ಅಂತ ಗೊತ್ತಾಗಿದ್ದು 1980ರಲ್ಲಿ, ಕ್ರೋಮೋಸೋಮ್ ನೋಡಿ. ಇವತ್ತಿಗೂ ಅವುಗಳನ್ನು ಕರೆಯುವುದು ಎ, ಬಿ, ಸಿ, ಡಿ, ಇ ಅಂತ. ರೇಷನ್ ಅಂಗಡಿಯ ಟೋಕನ್ ಕೊಟ್ಟ ಹಾಗೆ!

ಇದು ಸುಮ್ನೆ ಪಂಡಿತರ ಜಗಳ ಅಲ್ಲ. ಬಿ ಹೆಚ್ಚಾಗಿ ದನಕ್ಕೇ ಕಚ್ಚುತ್ತದೆ, ಮಲೇರಿಯಾ ಹರಡುವುದು ಕಡಿಮೆ. ಆದರೆ ರಾಮೇಶ್ವರದಲ್ಲಿ ಬಿ ಅಂದುಕೊಂಡಿದ್ದ ಸೊಳ್ಳೆಯೇ ಮಲೇರಿಯಾ ಹರಡುತ್ತಿತ್ತು. ಗಂಡು ಸೊಳ್ಳೆಯ ವೈ ಕ್ರೋಮೋಸೋಮ್ ನೋಡಿದಾಗ ಅದು ಬೇರೆಯದೇ ಅಂತ ಗೊತ್ತಾಯಿತು. ಹಾಗೆ ಬಂದಿದ್ದು ಇ. ಹಾವೇರಿ ಕಡೆಯ ಒಂದು ಕೊಟ್ಟಿಗೆಯಲ್ಲಿ ನೂರು ಕ್ಯುಲಿಸಿಫೇಸಿಸ್ ಸಿಕ್ಕವು ಅಂತ ಬರೆದುಕೊಂಡರೆ ಹೆದರಬೇಕೋ ಬೇಡವೋ? ಅಷ್ಟರಿಂದ ಹೇಳಲು ಆಗಲ್ಲ.

ಆಫ್ರಿಕಾದಲ್ಲಿ ಮಲೇರಿಯಾ ಹರಡುವ ಗ್ಯಾಂಬಿಯೆ ಸೊಳ್ಳೆಯಲ್ಲಿ ಎಂ ಅಂತ ಅಕ್ಷರದಲ್ಲೇ ಕರೆಯುತ್ತಿದ್ದ ರೂಪಕ್ಕೆ 2013ರಲ್ಲಿ ಕೊಲುಝಿ ಅಂತ ಹೆಸರು ಬಂತು, ಇಟಲಿಯ ವಿಜ್ಞಾನಿ ಮಾರಿಯೊ ಕೊಲುಝಿ ನೆನಪಿಗೆ. ನಮ್ಮವು ಮಾತ್ರ ಅಕ್ಷರಗಳಲ್ಲೇ ಉಳಿದಿವೆ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಗೆಳೆಯನ ಹತ್ತಿರ ಇದನ್ನೇ ಹೇಳಿದೆ. ನಕ್ಕ. "ಕ್ಯುಲಿಸಿಫೇಸಿಸ್ ಅಂತ 1901ರಲ್ಲಿ ಇಟ್ಟ ಹಳೇ ಹೆಸರು ಐದರಲ್ಲಿ ಯಾವುದಕ್ಕೆ ಸೇರಬೇಕು? ಅದು ಮೊದಲು ಇತ್ಯರ್ಥ ಆಗಬೇಕಲ್ವಾ?" ಅಂದ. ಮಾತು ಖರೇ. ಆದರೂ ನಲವತ್ತು ವರ್ಷದ ಮೇಲಾಯಿತು. ಕೊನೆಗೆ ಬಿಗೆ ಎಮ್ಮೆಯದೋ ಎತ್ತಿನದೋ ಹೆಸರಿಟ್ಟರೂ ನನಗೆ ಒಪ್ಪಿಗೆ.