ಫೋಟೋದ ಫೋಟೋ

ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2025ರ ಜುಲೈ 8ರಂದು ರಾಜ್ಯಗಳಿಗೆ ಬರೆದ ಸುತ್ತೋಲೆಯ ಸುದ್ದಿಯನ್ನು ನಾನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಮನಸ್ಸು ಮಂಕಾದಾಗ ತೆಗೆದು ಓದುತ್ತೇನೆ. ನರೇಗಾ ಕೂಲಿಕಾರರ ಹಾಜರಾತಿಗೆಂದು ದಿನಕ್ಕೆ ಎರಡು ಸಲ ಫೋಟೋ ಏರಿಸುವ ಆ್ಯಪ್‌ನಲ್ಲಿ ನಡೆಯುವ ಕಳ್ಳಾಟಗಳ ಪಟ್ಟಿ ಅದು. ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರ, ಬೆಳಿಗ್ಗೆ ಕೆಲವರು ಮಧ್ಯಾಹ್ನ ಬೇರೆ ಕೆಲವರು, ಒಂದೇ ಮುಖ ಹಲವು ಹಾಜರಾತಿ ಪಟ್ಟಿಗಳಲ್ಲಿ, ಗಂಡಸು ಹೆಂಗಸರ ಲೆಕ್ಕಕ್ಕೆ ತಾಳೆಯೇ ಇಲ್ಲ. ಇವೆಲ್ಲ ಸಾಮಾನ್ಯರ ಕೆಲಸ. ನನ್ನ ಮನಸ್ಸು ಗೆದ್ದದ್ದು ಫೋಟೋದ ಫೋಟೋ. ಕೂಲಿಕಾರರನ್ನು ಸಾಲಾಗಿ ನಿಲ್ಲಿಸುವ ತಾಪತ್ರಯವಿಲ್ಲ. ಹಿಂದೆಂದೋ ತೆಗೆದ ಚಿತ್ರವನ್ನು ಎದುರಿಗೆ ಹಿಡಿದು, ಅದರದ್ದೇ ಇನ್ನೊಂದು ಚಿತ್ರ ತೆಗೆದು ಏರಿಸಿದರಾಯಿತು. ಆ್ಯಪ್ ಕೇಳಿದ್ದು ಆ ಹೊತ್ತಿನಲ್ಲಿ ತೆಗೆದ ಫೋಟೋ. ಇದೂ ಆ ಹೊತ್ತಿನಲ್ಲೇ ತೆಗೆದದ್ದು. ಎಲ್ಲಿ ಬಂತು ಸುಳ್ಳು?

ಸಚಿವಾಲಯಕ್ಕೆ ಸಿಟ್ಟು ಬಂದದ್ದೇಕೋ ತಿಳಿಯದು. ಸರಿಯಾಗಿ ಒಂದು ವಾರ ಮೊದಲು, ಜುಲೈ 1ರಂದು, ಕೇಂದ್ರ ಸಂಪುಟ ಸಂಶೋಧನೆ ಮತ್ತು ನಾವೀನ್ಯಕ್ಕೆಂದು ಒಂದು ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಖಾಸಗಿಯವರು ಹೊಸದೇನಾದರೂ ಕಂಡುಹಿಡಿಯಲಿ ಎಂದು ಬಡ್ಡಿ ಕಡಿಮೆಯ, ಕೆಲವೊಮ್ಮೆ ಬಡ್ಡಿಯೇ ಇಲ್ಲದ, ದೀರ್ಘಾವಧಿ ಸಾಲ. ದೇಶ ಸಂಶೋಧನೆಗೆ ಖರ್ಚು ಮಾಡುವುದು ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟು ಮಾತ್ರ, ಉದ್ಯಮಿಗಳು ಗಂಟು ಬಿಚ್ಚುತ್ತಿಲ್ಲ ಎಂಬ ಹಳೆಯ ಕೊರಗಿಗೆ ಇದು ಹೊಸ ಮದ್ದು. ಅತ್ತ ದೆಹಲಿಯಲ್ಲಿ ನಾವೀನ್ಯಕ್ಕೆ ಹೀಗೆ ಬಲೆ ಬೀಸಿ ಕೂತಿದ್ದರೆ, ಇತ್ತ ಕೆರೆ ಏರಿಯ ಮೇಲೆ, ಗಾಜು ಒಡೆದ ಮೊಬೈಲೊಂದನ್ನೇ ನೆಚ್ಚಿಕೊಂಡವರು ಬಿಡಿಗಾಸಿನ ಸಾಲವಿಲ್ಲದೆ ಭಾರತ ಸರ್ಕಾರದ ತಂತ್ರಾಂಶವನ್ನು ಮಣ್ಣು ಮುಕ್ಕಿಸಿದ್ದಾರೆ. ಅರ್ಜಿ ಹಾಕಿದರೆ ಆ ಲಕ್ಷ ಕೋಟಿಯಲ್ಲಿ ಇವರಿಗೂ ಒಂದು ಪಾಲು ಸಲ್ಲಬೇಕು.

ನಮ್ಮ ಯಾದಗಿರಿ ಜಿಲ್ಲೆಯ ಕೊಡುಗೆಯನ್ನಂತೂ ಮರೆಯುವಂತಿಲ್ಲ. ಅದೇ ವರ್ಷ ಅಲ್ಲಿನ ಹಳ್ಳಿಯೊಂದರಲ್ಲಿ ಗಂಡಸರು ಸೀರೆ ಉಟ್ಟು, ಸೆರಗು ಹೊದ್ದು, ಹೆಂಗಸರ ಹೆಸರಿನ ಹಾಜರಾತಿಗೆ ನಿಂತಿದ್ದರು. ದೇಶದ ಪತ್ರಿಕೆಗಳೆಲ್ಲ ನಕ್ಕವು. ನಗುವಂಥದ್ದೇನಿದೆ? ಬಯಲಾಟದ ನಾಡು ಅದು. ಸ್ತ್ರೀವೇಷಕ್ಕೆ ಅಲ್ಲಿ ತಲೆಮಾರುಗಳ ಪರಂಪರೆಯಿದೆ. ರಾತ್ರಿಯಿಡೀ ರಂಗದ ಮೇಲೆ ಕುಣಿದು ಊರಿನವರನ್ನೇ ನಂಬಿಸುವ ಕಲೆಗೆ ಒಂದು ಆ್ಯಪ್ ಯಾವ ಲೆಕ್ಕ? ಜನಪದ ಕಲೆ ಮತ್ತು ಡಿಜಿಟಲ್ ತಂತ್ರಜ್ಞಾನದ ಸಂಗಮ ಎಂದು ಇದೇ ಚಿತ್ರವನ್ನು ಬೆಂಗಳೂರಿನ ತಂತ್ರಜ್ಞಾನ ಮೇಳದಲ್ಲಿ ಚೌಕಟ್ಟು ಹಾಕಿಸಿ ಇಟ್ಟಿದ್ದರೆ ವಿದೇಶಿ ನಿಯೋಗವೊಂದು ಚಪ್ಪಾಳೆ ತಟ್ಟಿ ಹೋಗುತ್ತಿತ್ತು.

ಇನ್ನು ಸುತ್ತೋಲೆ ಸೂಚಿಸಿದ ಚಿಕಿತ್ಸೆ. ಈ ಆ್ಯಪ್ ಬಂದದ್ದು 2021ರಲ್ಲಿ, ವೈಯಕ್ತಿಕ ಕಾಮಗಾರಿಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಕಡ್ಡಾಯವಾದದ್ದು 2023ರ ಜನವರಿ 1ರಿಂದ. ಮನುಷ್ಯರನ್ನು ನಂಬುವುದು ಬೇಡ, ಯಂತ್ರ ನೋಡಿಕೊಳ್ಳುತ್ತದೆ ಎಂಬುದೇ ಅದರ ಹುಟ್ಟಿನ ಗುಟ್ಟು. ಈಗ ಯಂತ್ರ ನೋಡಿದ್ದನ್ನು ಮನುಷ್ಯರು ನೋಡಬೇಕಂತೆ. ಗ್ರಾಮ ಪಂಚಾಯಿತಿಯಲ್ಲಿ ಒಂದೂ ಬಿಡದೆ ಎಲ್ಲ ಫೋಟೋಗಳನ್ನೂ, ತಾಲ್ಲೂಕಿನಲ್ಲಿ ಶೇ 20, ಜಿಲ್ಲೆಯಲ್ಲಿ ಶೇ 10, ರಾಜ್ಯ ಮಟ್ಟದಲ್ಲಿ ಶೇ 5. ಏಣಿ ಹತ್ತಿದಂತೆಲ್ಲ ಕಣ್ಣು ಮಂಜಾಗುತ್ತದೆ ಎಂಬ ಸತ್ಯಕ್ಕೆ ಇಷ್ಟು ಖಚಿತವಾದ ಅಂಕಿ ಕೊಟ್ಟ ಇನ್ನೊಂದು ದಾಖಲೆಯನ್ನು ನಾನು ಕಂಡಿಲ್ಲ. ಪಾಪ ಪಿಡಿಒ, ಚರಂಡಿ, ನೀರು, ಗ್ರಾಮಸಭೆಗಳ ನಡುವೆ ಕನ್ನಡಕ ಏರಿಸಿಕೊಂಡು ಇದು ಫೋಟೋವೋ, ಫೋಟೋದ ಫೋಟೋವೋ ಎಂದು ಧ್ಯಾನಿಸುತ್ತಾ ಕೂರಬೇಕು.

ಹೆಬ್ಬೆಟ್ಟಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಹೆಬ್ಬೆಟ್ಟು ಎಂದರೆ ನಮ್ಮಲ್ಲಿ ಬೈಗುಳವಾಗಿತ್ತು. 'ಅವನೊಬ್ಬ ಹೆಬ್ಬೆಟ್ಟು' ಎಂದರೆ ಮುಂದೆ ವಿವರ ಬೇಕಿರಲಿಲ್ಲ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಾಟೀನಿನ ಬೆಳಕಿನಲ್ಲಿ ಅಜ್ಜಿಯರ ಕೈಗೆ ಬಳಪ ಕೊಟ್ಟು, ಬೆರಳು ಹಿಡಿದು ತಿದ್ದಿಸಿ, ಅಂತೂ ಇಂತೂ ಹೆಸರು ಬರೆಯುವುದನ್ನು ಕಲಿಸಿದರು. ಆ ಅಜ್ಜಿಯರು ಇನ್ನು ತಾವು ಹೆಬ್ಬೆಟ್ಟಲ್ಲ ಎಂದು ಬೀಗುವಷ್ಟರಲ್ಲಿ ಸರ್ಕಾರಕ್ಕೆ ತಂತ್ರಜ್ಞಾನ ಮೈಮೇಲೆ ಬಂತು. ಸಹಿ ಗಿಹಿ ಬೇಡ, ಹೆಬ್ಬೆಟ್ಟು ಒತ್ತಿ ಎಂದಿತು. ಈಗ ಪ್ರೊಫೆಸರರೂ ಹೆಬ್ಬೆಟ್ಟು, ನಾನೂ ಹೆಬ್ಬೆಟ್ಟು. ಸಮಾನತೆ ಎಂದರೆ ಇದು. ಒಂದೇ ತೊಡಕು. ಬೀಡಿ ಸುತ್ತಿದ, ಪಾತ್ರೆ ತಿಕ್ಕಿದ, ಸಿಮೆಂಟು ಕಲಸಿದ ಬೆರಳಿನಲ್ಲಿ ಗೆರೆ ಉಳಿಯುವುದಿಲ್ಲ. ನಮ್ಮ ಬೀದಿಯ ನ್ಯಾಯಬೆಲೆ ಅಂಗಡಿಯ ಮುಂದೆ ಮುದುಕಿಯೊಬ್ಬರು ಸೆರಗಿಗೆ ಬೆರಳು ಒರೆಸಿ ಒರೆಸಿ ಒತ್ತುವುದನ್ನು ಎಷ್ಟೋ ಬಾರಿ ನೋಡಿದ್ದೇನೆ. ಐದನೇ ಸಲಕ್ಕೆ ಯಂತ್ರ ಕೆಂಪು ದೀಪ ತೋರಿಸಿ, ನೀವು ನೀವಲ್ಲ ಎನ್ನುತ್ತದೆ. ಯಂತ್ರಕ್ಕೆ ಬಲು ಇಷ್ಟವಾದದ್ದು ಯಾವ ಕೆಲಸವನ್ನೂ ಮಾಡದ ಹೆಬ್ಬೆಟ್ಟು.

ನಾನೇನು ಯಂತ್ರದ ವೈರಿಯಲ್ಲ. 'ಭೂಮಿ' ಯೋಜನೆ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಈ ಶತಮಾನದ ಆರಂಭದಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುತ್ತಿದ್ದವರು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆದರು. ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದು ಸರ್ಕಾರ ಗಟ್ಟಿಯಾಗಿ ಹೇಳಿತು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು ಎಂಬ ನಿಯಮವನ್ನು ತಂತ್ರಾಂಶದೊಳಗೇ ಹೂಡಿದರು. ಇನ್ನೊಂದು ಸಂಗತಿ ಬಹಳ ಜನರಿಗೆ ಮರೆತಿದೆ. ಅಲ್ಲಿಯೂ ಬೆರಳಚ್ಚು ಇತ್ತು. ಒತ್ತಬೇಕಾದವರು ಕಂಪ್ಯೂಟರಿನ ಮುಂದೆ ಕೂತ ಸರ್ಕಾರಿ ನೌಕರರು. ದಾಖಲೆ ತಿದ್ದಿದರೆ ಯಾರು ತಿದ್ದಿದರೆಂದು ಗೊತ್ತಾಗಲಿ ಎಂದು. ರೈತ ಹಣ ಕೊಟ್ಟ, ಕಾಗದ ಪಡೆದ, ಬಸ್ಸು ಹಿಡಿದ.

ಆ ಯಂತ್ರ ಕಿಂಡಿಯ ಆ ಬದಿಯಿಂದ ಈ ಬದಿಗೆ ಯಾವಾಗ ತಿರುಗಿತೋ ಕಾಣೆ. ಈಗ ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೂ ಗರ್ಭಿಣಿಯರು, ಬಾಣಂತಿಯರು ಮೊಬೈಲಿಗೆ ಮುಖ ತೋರಿಸಬೇಕು. ಕಡ್ಡಾಯವಾದದ್ದು 2025ರ ಜುಲೈ 1ರಿಂದ, ಅಂದರೆ ಆ ಲಕ್ಷ ಕೋಟಿಗೆ ಸಂಪುಟ ಅಸ್ತು ಎಂದ ದಿನವೇ. ಎದುರಿಗಿರುವ ತುಂಬಿದ ಹೊಟ್ಟೆ ಸಾಕ್ಷಿಯಲ್ಲ, ಮುಖ ತಾಳೆಯಾಗಬೇಕು. ಉದ್ಯಮಿಗಳ ಮೇಲೆ ಸರ್ಕಾರದ ಅಂತಃಕರಣ ಬೇರೆ ಬಗೆಯದು. ಹೊಸ ಕಂಪನಿಗಳಿಗೆ ಬರುವ ಬಂಡವಾಳದ ಮೇಲೆ 2012ರಲ್ಲಿ 'ಏಂಜೆಲ್ ತೆರಿಗೆ' ಎಂಬ ಬಂಡೆ ಉರುಳಿಸಿದರು. 2016ರಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ ಎಂದು ಡೋಲು ಬಡಿದರು. 2024ರ ಬಜೆಟ್‌ನಲ್ಲಿ ಬಂಡೆ ಸರಿಸಿ ಹಾರ ಹಾಕಿಸಿಕೊಂಡರು. ಹನ್ನೆರಡು ವರ್ಷ ಹಿಡಿಯಿತು, ನಿಜ. ಆದರೆ ಆ ಹನ್ನೆರಡು ವರ್ಷದಲ್ಲಿ ಯಾವ ಉದ್ಯಮಿಯನ್ನೂ ದಿನಕ್ಕೆ ಎರಡು ಸಲ ಬಿಸಿಲಿನಲ್ಲಿ ನಿಲ್ಲಿಸಿ ಫೋಟೋ ತೆಗೆಯಲಿಲ್ಲ.

ಎರಡು ಸಲ ಏಕೆ? ನರೇಗಾದಲ್ಲಿ ಕೂಲಿ ಅಳತೆಯ ಮೇಲೆ. ಇಷ್ಟು ಮಣ್ಣು ತೆಗೆದರೆ ಇಷ್ಟು ಹಣ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಹೆಂಗಸರು ಕತ್ತಲಿರುವಾಗಲೇ ಎದ್ದು, ಬಿಸಿಲೇರುವ ಮುಂಚೆ ಗುಂಡಿ ತೋಡಿ ಮುಗಿಸಿ ಮನೆಗೆ ಹೋಗುವುದು ಇದೇ ಲೆಕ್ಕದಿಂದ. ಗುಂಡಿ ಕಣ್ಣೆದುರಿಗಿದೆ, ಟೇಪು ಹಿಡಿದು ಅಳೆಯಬಹುದು. ಆದರೆ ಆ್ಯಪ್‌ಗೆ ಗುಂಡಿ ಬೇಡ, ಮಧ್ಯಾಹ್ನದ ಮುಖ ಬೇಕು. ಹಾಗಾಗಿ ಕೆಲಸ ಮುಗಿಸಿದವರು ಇರುವ ಒಂದು ಜಾಲಿ ಮರದ ನೆರಳಿಗೆ ಕೂತು ಫೋಟೋದ ಹೊತ್ತಿಗೆ ಕಾಯುತ್ತಾರೆ. ಕೂಲಿಕಾರರ ಗುಂಪಿನ ಮುಂದಾಳಾದ ಕಾಯಕ ಬಂಧು ಮೊಬೈಲ್ ಎತ್ತಿ ಹಿಡಿದು ನೆಟ್‌ವರ್ಕ್ ಹುಡುಕುತ್ತಾ ಏರಿಯುದ್ದಕ್ಕೂ ನಡೆಯುತ್ತಾರೆ. ಫೋಟೋ ಏರದಿದ್ದರೆ ಕೂಲಿಗೇ ಕತ್ತರಿ.

ನಗಿಸುತ್ತಾ ಬರೆದು ಮುಗಿಸೋಣ ಎಂದುಕೊಂಡಿದ್ದೆ. ಆಗುತ್ತಿಲ್ಲ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಹದಿನೈದು ದಿನದೊಳಗೆ ಕೊಡಬೇಕೆಂದು ಕಾನೂನೇ ಹೇಳಿತ್ತು. ತಡವಾದರೆ ಪರಿಹಾರ, ಬಾಕಿಯ ಮೇಲೆ ದಿನಕ್ಕೆ ಶೇ 0.05. ಲೆಕ್ಕ ಹಾಕಿ ನೋಡಿ. ಒಂದು ದಿನದ ಕೂಲಿಯನ್ನು ಒಂದು ದಿನ ತಡೆಹಿಡಿದದ್ದಕ್ಕೆ ಹದಿನೆಂಟೂವರೆ ಪೈಸೆ. ಅದನ್ನು ಕೈಗೆ ಕೊಡಲು ನಾಣ್ಯವೂ ಇಲ್ಲ, 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರಲ್ಲೇ ಚಲಾವಣೆಯಿಂದ ಹೋದವು. ಕೂಲಿ ಬಿಡುಗಡೆ ಮಾಡಬೇಕಾದ ಕಡತದ ಮುಂದೆ ಕೂತವರು ಬೆಳಿಗ್ಗೆಯೂ ಮಧ್ಯಾಹ್ನವೂ ತಮ್ಮ ಕುರ್ಚಿಯಲ್ಲಿದ್ದರೇ ಎಂದು ಚಿತ್ರ ಸಹಿತ ತೋರಿಸುವ ಆ್ಯಪ್ ಇನ್ನೂ ಬಂದಿಲ್ಲ. ಅದಕ್ಕೆ ಯಾವ ಲಕ್ಷ ಕೋಟಿಯೂ ಬೇಕಿಲ್ಲ.

2025ರ ಡಿಸೆಂಬರ್‌ನಲ್ಲಿ ನರೇಗಾ ಕಾಯ್ದೆಯನ್ನೇ ಬದಿಗಿಟ್ಟು ಹೊಸ ಕಾಯ್ದೆ ಬಂತು. ಕಾಗದದ ಮೇಲೆ ನೂರು ದಿನದ ಕೆಲಸದ ಖಾತರಿ ನೂರಿಪ್ಪತ್ತೈದಾಗಿದೆ. ಬಯೊಮೆಟ್ರಿಕ್ ಇದೆ, ವಂಚನೆ ಹಿಡಿಯಲು ಕೃತಕ ಬುದ್ಧಿಮತ್ತೆಯೂ ಇದೆ. ಅದು ಪಾಠ ಕಲಿಯುವುದು ಹಳೆಯ ಚಿತ್ರಗಳನ್ನು ರಾಶಿ ರಾಶಿ ನೋಡಿಯಂತೆ. ಚಿತ್ರಗಳಿಗೆ ನಮ್ಮಲ್ಲಿ ಬರವಿಲ್ಲ. ಮೊದಲ ಪಾಠಕ್ಕೆ ಯಾದಗಿರಿಯದ್ದನ್ನೇ ಕೊಡೋಣ. ಮೂಲ ಸಿಗದಿದ್ದರೆ ಅದರ ಫೋಟೋ ಇದ್ದೇ ಇರುತ್ತದೆ.