ಸ್ಕೀ ಫಾಲ್ ಲಕ್ ಮೇಲೆ ನಡೆಯುವ ಆಟ ಅಲ್ಲ

ಮೊನ್ನೆ ಒಬ್ಬ ಗೆಳೆಯ ಫೋನಿನಲ್ಲಿ ಹೇಳಿದ, "ಫಾಲ್ ಗೈಸ್‌ನಲ್ಲಿ ಆ ಹಿಮದಲ್ಲಿ ಜಾರೋ ರೌಂಡ್ ಬಂದ್ರೆ ನಾನು ಕಂಟ್ರೋಲರ್ ಕೆಳಗಿಟ್ಟು ಎದ್ದು ಹೋಗ್ತೀನಿ. ಅದರಲ್ಲಿ ಆಡೋದೇನಿದೆ? ಎಲ್ಲ ಲಕ್."

ಆ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಯಾಕಂದ್ರೆ ಇಡೀ ಆಟದಲ್ಲಿ ನನಗೆ ಅತಿ ಇಷ್ಟವಾದದ್ದು ಆ ರೌಂಡೇ, ಅದರ ಹೆಸರು ಸ್ಕೀ ಫಾಲ್. ಅದರ ಮುಂದೆ ತಿಂಗಳುಗಟ್ಟಲೆ ಕೂತು ಕಲಿತಿದ್ದೇನೆ. ಲಕ್ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಿದಾಗ ನಿಜವಾಗಿ ನೋವಾಯಿತು.

ಆಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಫಾಲ್ ಗೈಸ್ ಅನ್ನುವ ವಿಡಿಯೋ ಗೇಮ್ 2020ರ ಆಗಸ್ಟ್‌ನಲ್ಲಿ ಬಂತು. ಮಾಡಿದ್ದು ಲಂಡನ್ನಿನ ಮೀಡಿಯಾಟಾನಿಕ್. ಅವರೆಕಾಳಿಗೆ ಕೈಕಾಲು ಬಂದ ಹಾಗಿರುವ ಬೊಂಬೆಗಳು, ಅವಕ್ಕೆ ಬೀನ್ ಅಂತ ಹೆಸರು. ಎಲ್ಲವೂ ಒಟ್ಟಿಗೆ ಓಡುತ್ತವೆ, ಬೀಳುತ್ತವೆ, ಒಂದನ್ನೊಂದು ತಳ್ಳುತ್ತವೆ. ಬಂದ ಹೊಸತರಲ್ಲಿ ಒಂದು ಆಟಕ್ಕೆ 60 ಜನ ಇರುತ್ತಿದ್ದರು. ಪ್ರತಿ ರೌಂಡಿಗೂ ಕೆಲವರು ಹೊರಗೆ, ಕೊನೆಗೆ ಉಳಿದವರಿಗೆ ಕಿರೀಟ. ಪೋಗೋ ಚಾನೆಲ್‌ನಲ್ಲಿ ಟಕೇಶೀಸ್ ಕ್ಯಾಸಲ್ ನೋಡಿಕೊಂಡು ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೂರನೇ ಸೀಸನ್ ಬಂತು, ಪೂರ್ತಿ ಚಳಿಗಾಲದ್ದು. ಟಂಡ್ರಾ ರನ್, ಫ್ರೀಜಿ ಪೀಕ್, ಸ್ಕೀ ಫಾಲ್ ಎಲ್ಲ ಅದರ ಜೊತೆ ಬಂದವು. 2022ರ ಜೂನ್‌ನಲ್ಲಿ ಆಟ ಎಲ್ಲರಿಗೂ ಫ್ರೀ ಆಯಿತು. ನಾನು, ಅಕ್ಕನ ಮಗ ಆಡಲು ಶುರು ಮಾಡಿದ್ದು ಆಗ.

ಸ್ಕೀ ಫಾಲ್ ಅಂದರೆ ಒಂದು ಉದ್ದನೆಯ ಹಿಮದ ಇಳಿಜಾರು. ಅಲ್ಲಲ್ಲಿ ರಿಂಗ್‌ಗಳು. ಜಾರುತ್ತಾ ಅವುಗಳ ಒಳಗೆ ನುಗ್ಗಿದರೆ ಪಾಯಿಂಟ್. ತಳ ಮುಟ್ಟಿ ಬಿದ್ದರೆ ಮತ್ತೆ ಮೇಲಿನಿಂದ ಶುರು. ಬೇಕಾದಷ್ಟು ಪಾಯಿಂಟ್ ಮೊದಲು ಮಾಡಿಕೊಂಡವರು ಪಾಸ್. ಹೆಸರಿಗೆ ಪಾಯಿಂಟಿನ ಆಟ, ಆದರೆ ನಿಜಕ್ಕೂ ಅದು ಓಟವೇ ಅಲ್ವಾ?

ನಾನು ಹಿಮ ನೋಡಿದವನಲ್ಲ. ಮಲೆನಾಡಿನವನು. ಆದರೆ ಇಳಿಜಾರು ಗೊತ್ತು. ಬೇಸಿಗೆ ರಜೆಯಲ್ಲಿ ನಮಗೆ ಅಡಿಕೆ ಹಾಳೆಯೇ ಗಾಡಿ. ಮನೆ ಹಿಂದಿನ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಕರಡದ ಹುಲ್ಲು ಒಣಗಿ ನುಣ್ಣಗೆ ಮಲಗಿರುತ್ತಿತ್ತು. ಹಾಳೆಯ ಅಗಲದ ಕಡೆ ಕೂತು, ಎರಡೂ ಕೈಯಲ್ಲಿ ದಂಟು ಹಿಡಿದು, ಕಾಲಿನಿಂದ ಒಂದು ಸಲ ಒದ್ದರೆ ಆಯ್ತು. ಕೆಳಗೆ ಅಗಳ, ಅಂದರೆ ಕಂದಕ. ಮಧ್ಯೆ ಒಂದು ಮತ್ತಿ ಮರದ ಬುಡ. ಬುಡ ಹತ್ತಿರ ಬಂದಮೇಲೆ ಮೈ ವಾಲಿಸಿದರೆ ಹಾಳೆ ತಿರುಗುತ್ತಿರಲಿಲ್ಲ. ಅದು ಇನ್ನೂ ದೂರ ಇರುವಾಗಲೇ ವಾಲಬೇಕಿತ್ತು. ಆಗ ಹಾಳೆ ತಾನಾಗಿ ನಿಧಾನಕ್ಕೆ ಬಳುಕಿ ಪಕ್ಕಕ್ಕೆ ಹೋಗುತ್ತಿತ್ತು. ಮೊಣಕೈ ತರಚಿದ ಮೇಲೆ ಕಲಿತ ಪಾಠ ಅದು.

ಸ್ಕೀ ಫಾಲ್‌ನಲ್ಲೂ ಅದೇ. ಮಾಮೂಲಿ ನೆಲದ ಮೇಲೆ ಕಂಟ್ರೋಲರಿನ ಸ್ಟಿಕ್ ಎಡಕ್ಕೆ ಒತ್ತಿದರೆ ಬೀನ್ ತಕ್ಷಣ ಎಡಕ್ಕೆ ಹೋಗುತ್ತೆ. ಹಿಮದ ಮೇಲೆ ಹಾಗಲ್ಲ. ಹಳೇ ವೇಗ ಇನ್ನೂ ಎಳೆಯುತ್ತಲೇ ಇರುತ್ತೆ, ಹೊಸ ದಿಕ್ಕು ತಡವಾಗಿ ಹಿಡಿಯುತ್ತೆ. ಹೊಸಬರು ಹತ್ತಿರದ ರಿಂಗ್ ನೋಡುತ್ತಾರೆ, ಅದು ಪಕ್ಕದಲ್ಲಿ ಜಾರಿ ಹೋಗುವಾಗ ಸ್ಟಿಕ್ ಜೋರಾಗಿ ಒತ್ತುತ್ತಾರೆ. ಅಷ್ಟರಲ್ಲಿ ಮುಗಿದಿರುತ್ತೆ. ಆ ಒತ್ತಿದ್ದರ ಫಲ ಒಂದು ಕ್ಷಣ ಬಿಟ್ಟು ಬರುತ್ತೆ, ಬೀನ್ ಸೀದಾ, ಬಡಿದವರನ್ನು ಹಿಂದಕ್ಕೆ ಚಿಮ್ಮಿಸುವ ಬಂಪರ್‌ಗೆ ಹೋಗಿ ಬಡಿಯುತ್ತೆ. ಆಗ "ಲಕ್ ಸರಿ ಇಲ್ಲ" ಅನ್ನುತ್ತಾರೆ.

ಕಣ್ಣು ಇರಬೇಕಾದದ್ದು ಮುಂದಿನ ರಿಂಗ್ ಮೇಲೆ ಅಲ್ಲ, ಅದರಾಚೆಯ ರಿಂಗ್ ಮೇಲೆ. ಇದೊಂದು ಅಭ್ಯಾಸವಾಗಲು ನನಗೆ ವಾರಗಳು ಬೇಕಾದವು. ಮೊದಲ ರಿಂಗಿನ ನಡುವೆ ಹೋಗುವ ಬದಲು, ಎರಡನೆಯದು ಯಾವ ಕಡೆ ಇದೆಯೋ ಆ ಕಡೆಗೆ ಓರೆಯಾಗಿ ನುಗ್ಗಬೇಕು. ಹೆಬ್ಬೆರಳು ಸ್ಟಿಕ್ ಮೇಲೆ ಸುಮ್ನೆ ಇಟ್ಟಷ್ಟೇ ಹಗುರವಾಗಿರಬೇಕು. ಇಳಿಜಾರಿನ ಜೊತೆ ಜಗಳ ಆಡಬಾರದು, ಅದು ಎಳೆಯುವ ಕಡೆಗೆ ಸ್ವಲ್ಪ ಮೊದಲೇ ಒಪ್ಪಿಕೊಂಡು ಹೋಗಬೇಕು.

ಡೈವ್ ಬಗ್ಗೆ ಒಂದು ಮಾತು. ಎತ್ತರದ ರಿಂಗಿಗೆ ಜಿಗಿದು, ಗಾಳಿಯಲ್ಲಿ ಡೈವ್ ಮಾಡಿದರೆ ಬೀನ್ ಮುಂದಕ್ಕೆ ಚಾಚಿಕೊಳ್ಳುತ್ತೆ. ಬಿಟ್ಟುಹೋಗುತ್ತಿದ್ದ ರಿಂಗ್ ಸಿಗುತ್ತೆ. ಆದರೆ ಹೊಟ್ಟೆ ಮೇಲೆ ಬಿದ್ದ ಬೀನ್ ಎದ್ದು ನಿಲ್ಲುವ ತನಕ ನಮ್ಮ ಮಾತು ಕೇಳುವುದಿಲ್ಲ. ಆ ಹೊತ್ತಿನಲ್ಲಿ ಕೆಳಗೆ ಎರಡು ರಿಂಗ್ ಕಳೆದುಕೊಂಡಿರುತ್ತೇವೆ. ಚಿನ್ನದ ರಿಂಗಿಗಾದರೆ ಡೈವ್ ಮಾಡಿ, ಅದಕ್ಕೆ ಪಾಯಿಂಟ್ ಜಾಸ್ತಿ. ಮಾಮೂಲಿ ರಿಂಗಿಗೆ ಬೇಡ. ತಪ್ಪಿಹೋದ ರಿಂಗಿಗೆ ಹಿಂದೆ ಹತ್ತಲು ಹೋಗುವುದಂತೂ ಬೇಡವೇ ಬೇಡ.

ಶುರುವಿನಲ್ಲಿ ಎಲ್ಲರೂ ಮಧ್ಯಕ್ಕೆ ನುಗ್ಗುತ್ತಾರೆ. ಅಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಅರ್ಧ ಜನರ ಮೊದಲ ಇಳಿತವೇ ಹಾಳು. ನಾನು ಅಂಚಿನಿಂದ ಇಳಿಯುತ್ತೇನೆ. ಒಂದು ರಿಂಗ್ ಕಡಿಮೆ ಸಿಗಬಹುದು, ಆದರೆ ದಾರಿ ನನ್ನದಾಗಿರುತ್ತೆ.

ಕಳೆದ ಭಾನುವಾರ ಅಕ್ಕನ ಮಗ ಆಡುತ್ತಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ. ಅವನಿಗೆ ಒಂದೇ ಪಾಯಿಂಟ್ ಬಾಕಿ. ಪಾಸ್ ಆಗುವ ಜಾಗಗಳು ಒಂದೊಂದಾಗಿ ತುಂಬುತ್ತಿದ್ದವು. ಮುಂದೆ ಒಂದು ರಿಂಗ್ ಅತ್ತಿತ್ತ ಸರಿಯುತ್ತಿತ್ತು. ಅವನು ರಿಂಗ್ ಇದ್ದ ಕಡೆ ಹೋಗಲಿಲ್ಲ. ಅದು ಬರಲಿರುವ ಖಾಲಿ ಜಾಗಕ್ಕೆ ಬೀನನ್ನು ಬಿಟ್ಟು, ಬೆರಳು ಎತ್ತಿ, ಸುಮ್ಮನೆ ಕಾದ. ರಿಂಗ್ ತಾನಾಗಿ ಬಂದು ಅವನನ್ನು ಒಳಗೆ ಹಾಕಿಕೊಂಡಿತು. ನಾನು ಹೇಳಿಕೊಟ್ಟದ್ದಲ್ಲ ಅದು, ಅವನೇ ಕಂಡುಕೊಂಡದ್ದು. ಖುಷಿಯಿಂದ ನನ್ನ ಕಣ್ಣು ತುಂಬಿತು. ಹತ್ತು ವರ್ಷದ ಹುಡುಗ ಅಷ್ಟು ತಾಳ್ಮೆಯಿಂದ ಕಾದದ್ದನ್ನು ನೋಡಿದ ಮೇಲೆ ಇದನ್ನು ಲಕ್ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಗೆಳೆಯನಿಗೆ ಈ ಶನಿವಾರ ರಾತ್ರಿಗೆ ಇನ್ವೈಟ್ ಕಳಿಸಿದ್ದೇನೆ. ರೌಂಡ್‌ಗಳು ಪಟ್ಟಿಯಲ್ಲಿ ಬಂದು ಹೋಗುತ್ತಾ ಇರುತ್ತವೆ, ಸ್ಕೀ ಫಾಲ್ ಬರುತ್ತೋ ಇಲ್ಲವೋ ನೋಡಬೇಕು. ಬಂದರೆ ಎದ್ದು ಹೋಗುವ ಹಾಗಿಲ್ಲ ಅಂತ ಮಾತು ತಗೊಂಡಿದ್ದೇನೆ. ನನ್ನ ಹಿಂದೆಯೇ, ಎಡಗಡೆ ಅಂಚಿನಿಂದ ಇಳಿಯಬೇಕು.