48 ನಿಮಿಷದ ಮಾವ

48 ನಿಮಿಷ ಅಂತೆ, 48 ನಿಮಿಷ!

ಈಗಷ್ಟೇ ಬಳ್ಳಾರಿಗೆ ಬಂದು ಬಿದ್ದಿದ್ದೇನೆ. ಕಾಲು ಬಾತಿವೆ, ನಿದ್ದೆ ಮಾತ್ರ ಹತ್ತುತ್ತಿಲ್ಲ. ಆ ಹುಡುಗ ಇನ್ನೂ ಕಣ್ಣ ಮುಂದೆ ಸುತ್ತುತ್ತಲೇ ಇದ್ದಾನೆ.

ಕಲಬುರಗಿಯಲ್ಲಿ ಅಕ್ಕನ ಮಗಳ ಕುಬಸ, ಅಂದ್ರೆ ಸೀಮಂತ, ಇತ್ತು. ಹುಡುಕಿದ್ದು ನಾನೇ, ಒಪ್ಪುತ್ತೇನೆ. ವಿದ್ಯಾನಗರದಿಂದ, ಅಂದ್ರೆ ಬಳ್ಳಾರಿ ಹತ್ತಿರದ ನಮ್ಮ ತೋರಣಗಲ್ಲಿನಿಂದ, ಕಲಬುರಗಿಗೆ ಎಷ್ಟು ದೂರ ಅಂತ. ಯಾವುದೋ ವೆಬ್‌ಸೈಟ್ ಹೇಳಿತು: 240 ಕಿ.ಮೀ., ಹಾರಾಟದ ಸಮಯ 48 ನಿಮಿಷ. ಪಕ್ಕದಲ್ಲಿ ಪುಟ್ಟ ವಿಮಾನದ ಚಿತ್ರ ಬೇರೆ. ಎರಡೂ ಕಡೆ ವಿಮಾನ ನಿಲ್ದಾಣ ಇದೆ. ಕಲಬುರಗಿಯದ್ದು 2019ರಲ್ಲೇ ಶುರುವಾಗಿದೆ. ಇನ್ನೇನು ಬೇಕು? ಅಕ್ಕನಿಗೆ ಫೋನ್ ಹಚ್ಚಿ, "11ಕ್ಕೆ ಕುಬಸ ಅಲ್ವಾ, ನಾನು 10ಕ್ಕೇ ಹಾಜರ್, ವಿಮಾನದಲ್ಲಿ ಬರ್ತೀನಿ" ಅಂದೆ. ಭಾವ ಅದನ್ನು ಬೀಗರಿಗೆಲ್ಲ ಹೇಳಿಬಿಟ್ಟಿದ್ದರು.

ಹಿಂದಿನ ಸಂಜೆ ಟಿಕೆಟ್ ಮಾಡಲು ಕೂತರೆ ವಿಮಾನವೇ ಇಲ್ಲ. ಆ ದಿನ ಅಂತಲ್ಲ, ಯಾವ ದಿನ ಒತ್ತಿದರೂ ಇಲ್ಲ.

ಬೆಳಗ್ಗೆ 6ರ ಬಸ್ಸು. ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸುಗೂರು. ತೊಡೆ ಮೇಲೆ ಸೀರೆಯ ಕವರು, ಕಾಲ ಬುಡದಲ್ಲಿ ಯಾರದೋ ಒಣಮೆಣಸಿನಕಾಯಿ ಚೀಲ. ಸೀನಿ ಸೀನಿ ಸಾಕಾಯ್ತು. 11 ಗಂಟೆಗೆ ಸರಿಯಾಗಿ ತಿಂಥಣಿ ಬ್ರಿಜ್ ಮೇಲೆ ಫೋನ್ ಬಂತು. ಕೆಳಗೆ ಕೃಷ್ಣೆ. ಹಾರಿಬಿಡಲಾ ಅನ್ನಿಸಿತು.

ಮುಟ್ಟಿದಾಗ 2 ಗಂಟೆ. ಸೋದರಮಾವನ ಸೀರೆ ಇಲ್ಲದೇ ಕುಬಸ ಮುಗಿದಿತ್ತು. ಬಾಗಿಲಲ್ಲೇ ಭಾವ, ಅದೂ ಬೀಗರ ಎದುರಿಗೇ, "ಬಂದ್ರು ನೋಡ್ರಿ 48 ನಿಮಿಷದ ಮಾವ! ವಿಮಾನ ಎಲ್ಲಿ ನಿಲ್ಸಿ ಬಂದಿ?" ಅಂದರು. ಪೆಂಡಾಲ್‌ಗೆ ಪೆಂಡಾಲೇ ನಕ್ಕಿತು. ಆರನೇ ಪಂಕ್ತಿಯಲ್ಲಿ ಒಬ್ಬನೇ ಕೂತು ತಣ್ಣನೆ ಹೋಳಿಗೆ ಮುರಿಯುತ್ತಿದ್ದೆ. ಬೀಗರ ಮೊಮ್ಮಗ ಎರಡೂ ಕೈ ರೆಕ್ಕೆ ಮಾಡಿಕೊಂಡು ನನ್ನ ಎಲೆ ಸುತ್ತ ಬುರ್ರ್ ಅಂತ ಸುತ್ತಿದ. ಒಂದಲ್ಲ, ಎರಡಲ್ಲ, ಎಂಟು ಸುತ್ತು. ಎಣಿಸಿದೆ. ಮಗಳು, ಅಂದ್ರೆ ಅಕ್ಕನ ಮಗಳು, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ವೆಬ್‌ಸೈಟಿನದು ಏನು ತಪ್ಪು? ವಿಮಾನ ಇದೆ ಅಂತ ಅದು ಹೇಳಿರಲೇ ಇಲ್ಲ. ಆದರೆ ಇಲ್ಲದ ವಿಮಾನಕ್ಕೆ ಸಮಯ ಯಾಕ್ರೀ ಹೇಳಬೇಕು? ವಾಪಸ್ ಬರುವಾಗ ಕೆಳಗಿನ ಸಣ್ಣಕ್ಷರ ಓದಿದೆ. ನಕ್ಷೆ ಮೇಲೆ ನೇರ ಗೆರೆ ಎಳೆಯೋದು, ಗಂಟೆಗೆ 800 ಕಿ.ಮೀ. ಅಂತ ಭಾಗಿಸೋದು, ಏರಿ ಇಳಿಯೋಕೆ ಅರ್ಧ ಗಂಟೆ ಸೇರಿಸೋದು. 18 ಮತ್ತು 30, 48. ತೋರಣಗಲ್ಲಿನಲ್ಲಿ ನಾನು ಕಣ್ಣಾರೆ ನೋಡಿದ್ದು ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ವಿಮಾನ. ಅದು ಓಡೋದು 500ರ ಆಸುಪಾಸು. ಆ ಲೆಕ್ಕಕ್ಕೆ 59 ನಿಮಿಷ. ಇಲ್ಲದ ವಿಮಾನವೂ 11 ನಿಮಿಷ ಲೇಟು!

ನಾನು ಏನು ಕೆಲಸ ಮಾಡ್ತೀನಿ ಗೊತ್ತಾ? ಹೈಸ್ಕೂಲ್ ಗಣಿತದ ಮೇಷ್ಟ್ರು. ಕಾಲ, ದೂರ, ವೇಗದ ಲೆಕ್ಕವನ್ನು ಹತ್ತೊಂಬತ್ತು ವರ್ಷದಿಂದ ಬೋರ್ಡ್ ಮೇಲೆ ಬರೀತಿದ್ದೀನಿ.

ಹೋಗಲಿ, ಬಸ್ಸೇ ನಮ್ಮ ಹಣೆಬರಹ. ಅಲ್ಲ, ಯಾಕೆ ಹೋಗಲಿ? ನಡುವಿನ ಎರಡು ಜಿಲ್ಲೆ ದಾಟಿದರೆ ಕಲಬುರಗಿ. ಅಲ್ಲಿಗೆ ಎಂಟು ತಾಸು! ಯಾರಾದ್ರೂ ಉತ್ತರ ಕೊಡಿ, ಆ ಗೆರೆ ಮೇಲೆ ಒಂದಾದ್ರೂ ವಿಮಾನ ಯಾವತ್ತಾದ್ರೂ ಹಾರುತ್ತಾ?

ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಒಂದು ಮದುವೆ ಇದೆ. ಈಗ ಸುಮ್ನೆ ನೋಡಿದೆ. 43 ನಿಮಿಷ ತೋರಿಸ್ತಿದೆ. ಥೂ.